ಆಯಿಗೆ ಬರುತ್ತಿದ್ದ ಒಂದೇ ಇಂಗ್ಲಿಷ್ ಶಬ್ದ

ಗಂಜಿ ಹಾಕಿದ ನೂಲಿನ ಹಸಿ ವಾಸನೆ ಬಂದರೆ ನನಗೆ ಇವತ್ತಿಗೂ ಕೂತಲ್ಲಿ ಕೂಡಲಾಗುವುದಿಲ್ಲ. ಯಾರೋ ಕರೆದಂತಾಗಿ ಎದ್ದು ಬಾಗಿಲತನಕ ಹೋಗಿ ಬರುತ್ತೇನೆ. ಮೊನ್ನೆ ಬನಹಟ್ಟಿಯ ಓಣಿಯೊಂದರಲ್ಲಿ ಆ ವಾಸನೆ ತಡೆದು ನಿಲ್ಲಿಸಿದಾಗ ಕಣ್ಣಿಗೆ ಬಂದದ್ದು ನಮ್ಮ ಮಗ್ಗದ ಕೋಣೆಯ ಗೋಡೆ, ಅಲ್ಲಿ ತೂಗುತ್ತಿದ್ದ ಹಳೆಯ ಕ್ಯಾಲೆಂಡರಿನ ಚಿತ್ರ. ಬಂಗಾರದಂಥ ಸಂಜೆ ಬಿಸಿಲು, ಗುಡ್ಡದ ದಾರಿ, ಹೇಸರಗತ್ತೆಗಳ ಜೊತೆ ಹೊರಟ ಇಬ್ಬರು ದಾರಿಹೋಕರು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಶಬ್ದ: ಬೋತ್. ಅದು ಆ ಚಿತ್ರ ಬರೆದ ಡಚ್ ಚಿತ್ರಕಾರನ ಮನೆತನದ ಹೆಸರು ಅಂತ ಗೊತ್ತಾದದ್ದು ತೀರ ಈಚೆಗೆ, ಮಗಳು ಮೊಬೈಲಿನಲ್ಲಿ ಅಂಥದೇ ಚಿತ್ರ ತೋರಿಸಿದಾಗ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೆಸರೆಂದು ಓದಿರಲಿಲ್ಲ.

ನಾನು ಮತ್ತು ಕಾಕಾನ ಮಗಳು ಗಂಗಿ ಒಂದೇ ವರ್ಗದಲ್ಲಿದ್ದೆವು. ಸಾಲಿಯಲ್ಲಿ ಆಗಷ್ಟೇ ಇಂಗ್ಲಿಷ್ ಶುರುವಾಗಿತ್ತು. ಒಂದು ಮಧ್ಯಾಹ್ನ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಆಯಿ, ನನ್ನಪ್ಪನ ತಾಯಿ, ಚಿತ್ರದ ಕಡೆ ಗದ್ದ ಎತ್ತಿ, “ಅದರ ಬುಡಕ ಏನ ಬರದಾರ, ಓದ್ರೆವ್ವಾ ನೋಡೂನು” ಅಂದಳು. ಗಂಗಿ ಅಕ್ಷರ ಕೂಡಿಸಿ ಓದಿದಳು. “ಬೋತ್ ಅಂದ್ರ ಇಬ್ಬರೂ ಅಂತ ಆಯಿ” ಎಂದು ನಾನು ಅರ್ಥ ಹೇಳಿದೆ. ಆಯಿ ಆ ದಾರಿಹೋಕರನ್ನು ಬಹಳ ಹೊತ್ತು ನೋಡಿ, “ಖರೆ ಐತಿ. ಇಬ್ಬರೂ ಕೂಡೇ ಹೊಂಟಾರಲ್ಲ” ಅಂದಳು. ಅಂದಿನಿಂದ ಆ ಶಬ್ದ ನಮ್ಮ ಮನೆಯದಾಯಿತು. ಎಳೆ ಹರಿದವರ್ಯಾರು ಅಂದರೆ ‘ಬೋತ್’, ಶೇಂಗಾ ಬೆಲ್ಲ ಯಾರಿಗೆ ಬೇಕು ಅಂದರೆ ‘ಬೋತ್’. ಊಟದ ಹೊತ್ತಿಗೆ ಆಯಿ ಒಳಗಿನಿಂದ ತನ್ನ ಗಂಡುಮಕ್ಕಳನ್ನು ಕೂಗುತ್ತಿದ್ದಳು: “ಬೋತ್ ಬರ್ರಿ, ರೊಟ್ಟಿ ಆರಾಕತ್ತಾವು!” ಅಪರೂಪಕ್ಕೆ ನಗುವ ಅಪ್ಪನ ಮೀಸೆ ಆಗ ಸಣ್ಣಗೆ ಅಲುಗುತ್ತಿತ್ತು.

ಕಾಕಾ ಪಾವರ್‌ಲೂಮ್ ಹಾಕೋಣ ಅಂದ. ಅಪ್ಪ, “ನಮ್ಮಪ್ಪ ಕಾಲ ಇಳಿಬಿಟ್ಟ ಕೂತ ಮಗ್ಗದ ಕುಣಿ ನಾ ಮುಚ್ಚಾಂವಲ್ಲ” ಅಂದ. ಆ ಬ್ಯಾಸಿಗಿ ಪೂರ್ತಿ ಮನೆ ಕುದಿಯಿತು. ಕಡೆಗೆ ಕಾಕಾ ಪಕ್ಕದೂರು ರಬಕವಿಯಲ್ಲಿ ಬೇರೆ ಮನೆ ಹಿಡಿದ. ಪಾಲು ಮಾಡಲು ಬಂದ ಹಿರಿಯರು, “ಅವ್ವಾರ, ನೀವು ಯಾರ ಮನ್ಯಾಗ ಇರತೀರಿ?” ಎಂದು ಕೇಳಿದರು. ಆಯಿ ಮಕ್ಕಳ ಮುಖ ನೋಡಲಿಲ್ಲ. “ಬೋತ್” ಅಂದಳು. ಹಿರಿಯರಿಗೆ ತಿಳಿಯಲಿಲ್ಲ. ತಿಳಿದ ನಾವು ಯಾರೂ ನಗಲಿಲ್ಲ.

ಆಡಿದ ಮಾತು ಆಯಿಯನ್ನು ಒಂದು ಕಡೆ ನಿಲ್ಲಗೊಡಲಿಲ್ಲ. ನಮ್ಮಲ್ಲಿದ್ದರೆ ಸಂಜೆಗೆ, “ಅಲ್ಲಿ ಗಂಗಿಗೆ ಜಡಿ ಯಾರ ಹಾಕಿದ್ರೋ” ಎಂದು ಚಡಪಡಿಸುವಳು. ಅಲ್ಲಿದ್ದರೆ, ದೊಡ್ಡ ಮಗ ಉಂಡನೋ ಇಲ್ಲವೋ ಎಂದು ಬಿಸಿಲಲ್ಲೇ ನಡೆದು ಬರುವಳು. ಅವಳ ಅರಿವೆಯ ಗಂಟು ಎರಡೂ ಮನೆಗಳಲ್ಲಿ ಪೂರ್ತಿ ಬಿಚ್ಚುತ್ತಿರಲಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಏನಿದ್ದರೂ “ಅವ್ವಾ, ಅವಗ ಹೇಳು” ಅಂತಲೇ. ಆಯಿ ಅವರು ಹೇಳಿದಷ್ಟನ್ನೇ ಒಯ್ಯುತ್ತಿರಲಿಲ್ಲ, ತನ್ನದೊಂದು ಮಾತು ಸೇರಿಸುತ್ತಿದ್ದಳು: “ಅಣ್ಣ ಹ್ಯಾಂಗದಾನ ಅಂತ ಕೇಳತಿದ್ದ ನೋಡು.” ಯಾರೂ ಕೇಳಿರಲಿಲ್ಲ ಅನ್ನುವುದು ನನಗೂ ಗಂಗಿಗೂ ಗೊತ್ತಿತ್ತು.

ಆಯಿ ಹಾಸಿಗೆ ಹಿಡಿದದ್ದು ಕಾಕಾನ ಮನೆಯಲ್ಲಿ. ಸುದ್ದಿ ಬಂದ ದಿನ ಅಪ್ಪ ಮೊದಲ ಸಲ ಆ ಮನೆಯ ಹೊಸ್ತಿಲು ದಾಟಿದ. ಒಳಗೆ ಪಾವರ್‌ಲೂಮಿನ ಖಡಖಡ. ಕಾಕಾ ಹೋಗಿ ಬಂದ್ ಮಾಡಿ ಬಂದ. ಆಯಿಯ ಆಚೆಗೊಬ್ಬ ಈಚೆಗೊಬ್ಬ ಕೂತರು. ಮಾತು ನಿಂತುಹೋಗಿದ್ದ ಆಕೆಯ ಕಿವಿಯ ಬಳಿ ಬಾಗಿ ಕಾಕಾ, “ಅವ್ವಾ, ಚಾ ಕುಡಿ ಅನ್ನು ಅಣ್ಣಗ” ಅಂದ. ಅಪ್ಪ ಕುಡಿದ. ಸಂಜೆ ಆಯಿ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಜನ ಚದುರಿದರು. ಅಪ್ಪ ಕಟ್ಟೆಯ ಮೇಲೆ ಕೂತು ಚಪ್ಪಲಿ ಮೆಟ್ಟುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಕಾಕಾ ರೂಢಿಯಂತೆ “ಅವ್ವಾ…” ಎಂದು ಶುರುಮಾಡಿ ತಡೆದ. ಇಬ್ಬರ ನಡುವೆ ಈಗ ಯಾರೂ ಇರಲಿಲ್ಲ. ಅಪ್ಪನ ಕಡೆಗೇ ತಿರುಗಿ, “ಅಣ್ಣಾ, ಉಂಡು ಹೋಗು” ಅಂದ. ಅಪ್ಪ ಮೆಟ್ಟಿದ್ದ ಒಂದು ಚಪ್ಪಲಿಯನ್ನು ಬಿಟ್ಟು ಒಳಗೆ ಹೋದ.

ಗಂಗಿಯ ತಾಯಿ, ನಮ್ಮ ಕಾಕು, ಮರೆತು ಆಯಿಗೂ ಒಂದು ತಾಟು ಇಟ್ಟಿದ್ದಳು. ಊಟ ಮುಗಿಯುವ ತನಕ ಅದನ್ನು ಯಾರೂ ಎತ್ತಲಿಲ್ಲ.