ವಸಂತಕ್ಕ ಮತ್ತು ಹಲ್ಲುಪುಡಿ ಬಣ್ಣ

ವಸಂತಕ್ಕನಿಗೆ ಸಿಟ್ಟು ಬಂದರೆ ಬೈಯುವುದಿಲ್ಲ. "ಥೂ" ಅನ್ನುತ್ತಾಳೆ, ಅಷ್ಟೇ. ಆದರೆ ಆ ಥೂ ಒಂದೇ ಥರ ಇರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಅದಕ್ಕೊಂದು ಸಣ್ಣ ಥೂ, ಟೀ ಆರಿಹೋಗಿದ್ದರೆ ಇನ್ನೊಂದು. ಹೊಟ್ಟೆಯ ಆಳದಿಂದ ಬರುವ ದೊಡ್ಡ ಥೂ ಮಾತ್ರ ಒಂದಕ್ಕೇ ಮೀಸಲು: ಫೋಟೊದಲ್ಲಿ ಮನುಷ್ಯರ ಮುಖಕ್ಕೆ ಗುಲಾಬಿ ಬಣ್ಣ ಮೆತ್ತುವುದಕ್ಕೆ.

ನಾನು ಅವಳನ್ನು ನೋಡಿದ್ದು ಶೆಟ್ಟಿಕೆರೆಯಿಂದ ತಿಪಟೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಎರಡು ಸಾವಿರದ ಮೂರನೇ ಇಸವಿಯಲ್ಲಿ. ನಾನು ಕಾಲೇಜಿಗೆ, ಅವಳು ಸ್ಟುಡಿಯೊಗೆ. ಬರಬರುತ್ತಾ ಕಾಲೇಜು ಬಿಟ್ಟ ಮೇಲೆ ವಾಪಸ್ ಬಸ್ಸು ಬರುವ ತನಕ ಅವಳ ಪಕ್ಕದ ಸ್ಟೂಲಿನ ಮೇಲೆ ಕೂರುವುದು ರೂಢಿಯಾಯಿತು. ನನ್ನ ಜೊತೆಯವರಿಗೆಲ್ಲ ಸಿನಿಮಾದವರ ಹುಚ್ಚು, ನನಗೆ ವಸಂತಕ್ಕನದು. ಏನು ಮಾಡೋದು!

ಅವಳ ಕೆಲಸ ಸ್ಕ್ಯಾನಿಂಗ್. ತೊಳೆದ ಫಿಲ್ಮಿನ ಚೂರನ್ನು ಸ್ಕ್ಯಾನರಿನ ಮೇಲಿಟ್ಟು, ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವುದು. ಕೇಳಲಿಕ್ಕೆ ಸುಲಭ. ಫಿಲ್ಮಿನಲ್ಲಿ ಎಲ್ಲವೂ ಉಲ್ಟಾ ಇರುತ್ತದೆ. ಕೂದಲು ಬೆಳ್ಳಗೆ, ಹಲ್ಲು ಕರ್ರಗೆ, ಮೇಲೊಂದು ಕಿತ್ತಳೆ ಬಣ್ಣದ ಪೊರೆ ಬೇರೆ. ಕಂಪ್ಯೂಟರು ಅದನ್ನು ಮಗುಚಿ ಹಾಕುತ್ತದೆ. ಸೀರೆ, ಗೋಡೆ, ಬಾಳೆಕಂದು ಹೇಗಿದ್ದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಮುಖದ ಬಣ್ಣ ಮಾತ್ರ ಮಗುಚುವಾಗ ಎಲ್ಲೋ ಜಾರಿ ಹೋಗುತ್ತದೆ. ಒಬ್ಬರು ಇಟ್ಟಿಗೆ ಕೆಂಪು, ಒಬ್ಬರು ಪಾಚಿ ಹಸಿರು. ಅವರವರ ಬಣ್ಣವನ್ನು ಅವರವರಿಗೆ ವಾಪಸ್ ತಂದುಕೊಡುವುದು ವಸಂತಕ್ಕನ ಕಸುಬು.

ಸ್ಟುಡಿಯೊ ಮಾಲೀಕರಾದ ತೋಂಟದಾರ್ಯ ಅವರಿಗೆ ಈ ತಾಪತ್ರಯವೇ ಇರಲಿಲ್ಲ. ಯಾರೋ ಪೇಟೆಯವರಿಂದ ಒಂದು ರೆಡಿ ಬಣ್ಣ ಕಲಿತುಕೊಂಡು ಬಂದು ಕಂಪ್ಯೂಟರಿನಲ್ಲಿ ಕೂರಿಸಿದ್ದರು. ಒಂದು ಸಲ ಒತ್ತಿದರೆ ಮುಗಿಯಿತು. ಹುಳಿಯಾರಿನವರಿರಲಿ, ತುರುವೇಕೆರೆಯವರಿರಲಿ, ಮಗುವಿರಲಿ, ಮುದುಕರಿರಲಿ, ಎಲ್ಲರ ಮುಖಕ್ಕೂ ಒಂದೇ ಗುಲಾಬಿ. ಬೆಳಿಗ್ಗೆ ಅಂಗೈಗೆ ಸುರಿದುಕೊಳ್ಳುವ ಹಲ್ಲುಪುಡಿ ಇರುತ್ತದಲ್ಲ, ಥೇಟ್ ಅದು. ಮೂಗಿನ ಪಕ್ಕದ ಗೆರೆ, ಸಿಡುಬಿನ ಕಲೆ, ಬೆವರು, ಎಲ್ಲ ಅದರಡಿ ಮುಚ್ಚಿಹೋಗುತ್ತಿತ್ತು. ಕೈ ಮಾತ್ರ ಅವರದ್ದೇ ಬಣ್ಣದಲ್ಲಿ ಉಳಿಯುತ್ತಿತ್ತು, ಕಡ ತಂದ ತಲೆ ಇಟ್ಟುಕೊಂಡವರ ಹಾಗೆ. ನೋಡಿದರೆ ನನಗೆ ಬಾಯೆಲ್ಲ ಒಗರಾಗುತ್ತಿತ್ತು. ಗಿರಾಕಿಗಳು ಮಾತ್ರ "ಎಷ್ಟ್ ಚೆನ್ನಾಗ್ ಬಂದೈತೆ" ಅಂತ ಹಲ್ಲು ಕಿರಿಯುತ್ತಾ ಒಯ್ಯುತ್ತಿದ್ದರು.

ವಸಂತಕ್ಕನ ಮದುವೆ ಆಲ್ಬಮ್ಮಿಗೂ ಯಾವುದೋ ಲ್ಯಾಬಿನವರು ಹೀಗೇ ಮಾಡಿದ್ದರಂತೆ. ಗಂಡನ ಕಡೆಯ ರಾಮಲಕ್ಷ್ಮಮ್ಮ ಅನ್ನುವವರು ಆಲ್ಬಮ್ಮು ನೋಡಿ, ಇವಳನ್ನು ನೋಡಿ, "ಪೋಟದಲ್ಲೇ ವಾಸಿ ಕಣೇ ನೀನು" ಅಂದರಂತೆ. "ಅವತ್ತು ಮುಚ್ಚಿದ್ದು, ಇನ್ನೂ ತೆಗ್ದಿಲ್ಲ" ಅಂದಳು ನನ್ನ ಹತ್ತಿರ.

ಒಂದು ಬುಧವಾರ ಮಧ್ಯಾಹ್ನ ನಾನು ಹೋಗಿ ಕೂತಿದ್ದಾಗ ಹುಳಿಯಾರು ಕಡೆಯ ಹಟ್ಟಿಯ ಮುದ್ದಣ್ಣ ಬಂದ. ಕುರಿ ಸಾಕುವ ಮನೆಯವನು, ನಲವತ್ತರ ಹತ್ತಿರದವನು. ಕಂಕುಳಲ್ಲಿ ಪೇಪರ್ ಸುತ್ತಿದ ದೊಡ್ಡ ಫ್ರೇಮು. ಅದನ್ನು ತೋಂಟದಾರ್ಯರ ಮೇಜಿನ ಮೇಲೆ ಮಕಾಡೆ ಇಟ್ಟ.

"ಇದನ್ನ ನೀವೇ ಮಡಿಕ್ಕಳಿ ಸಾಮಿ. ಇದು ನಮ್ಮವ್ವ ಅಲ್ಲ."

ತೋಂಟದಾರ್ಯ ಫ್ರೇಮು ತಿರುಗಿಸಿದರು. ಅವನ ತಾಯಿ ಕಾಟಮ್ಮ ತೀರಿಕೊಂಡಿದ್ದಳು, ಶುಕ್ರವಾರ ತಿಥಿ. ಅವತ್ತು ಎಡೆಯ ಮುಂದೆ ಇಡಲು ಮಾಡಿಸಿದ ಫೋಟೊ ಅದು, ವಸಂತಕ್ಕ ರಜೆಯಲ್ಲಿದ್ದಾಗ ತೋಂಟದಾರ್ಯರೇ ಮಾಡಿಕೊಟ್ಟದ್ದು. ಹಲ್ಲುಪುಡಿ ಮುಖದ ಒಬ್ಬ ಹೆಂಗಸು ನಗುತ್ತಿದ್ದಳು.

"ನಿಮ್ಮವ್ವನ್ನೇ ಲಕ್ಷಣವಾಗಿ ಮಾಡ್ಕೊಟ್ಟಿದೀನಲ್ಲಪ್ಪ. ಎಲ್ರೂ ಹಿಂಗೇ ಕೇಳೋದು."

"ನಾನು ಕೇಳಿರ್ಲಿಲ್ವಲ್ಲ. ನಮ್ಮವ್ವ ಬಿಸ್ಲಲ್ಲಿ ಕುರಿ ಹಿಂದೆ ತಿರುಗಿ ತಿರುಗಿ ಕರ್ರಗಾಗಿದ್ದೋಳು. ಇವಳ್ಯಾರೋ ಸಾವ್ಕಾರ್ರ ಮನೆಯೋಳು. ಇವಳ ಮುಂದೆ ನಾನೆಂಗ್ ಎಡೆ ಇಕ್ಲಿ? ನಮ್ಮವ್ವ ಹಸ್ಕಂಡ್ ಹೊರಗೆ ನಿಂತಿರ್ತಾಳೆ, ಇವಳು ಒಳಗೆ ಕುಂತು ಉಣ್ತಾಳೆ."

ನನ್ನ ಪಕ್ಕದಲ್ಲಿ ದೊಡ್ಡ ಥೂ ಕೇಳಿಸಿತು. ವಸಂತಕ್ಕ ಎದ್ದು ಬಂದಳು.

"ಅಣ್ಣ, ನೆಗೆಟಿವ್ ಐತಾ?"

ಇತ್ತು, ಅವನ ಜೇಬಿನಲ್ಲೇ. ಕಾಟಮ್ಮ ಕ್ಯಾಮೆರಾ ಕಂಡರೆ ಕುರಿಗಳ ಮರೆಗೆ ಹೋಗಿ ಕೂರುತ್ತಿದ್ದವಳಂತೆ. ಜೀವಮಾನದಲ್ಲಿ ಸಿಕ್ಕಿಬಿದ್ದದ್ದು ಒಂದೇ ಸಲ. ನೆಂಟರ ಮದುವೆಯಲ್ಲಿ ಮದುಮಗಳಿಗೆ ಮಡಿಲಕ್ಕಿ ತುಂಬುವಾಗ, ಕೈಯಲ್ಲಿ ಕೊಬ್ಬರಿ ಗಿಟುಕಿನ ಅರ್ಧ ಹೋಳು ಹಿಡಿದು ನಿಂತಾಗ. ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ಫಿಲ್ಮು ಮಾತ್ರ ಅಟ್ಟದ ಮೇಲೆ, ಒಣಗಲು ಹಾಕಿದ ತೆಂಗಿನಕಾಯಿಗಳ ನಡುವೆ, ಒಂದು ಡಬ್ಬಿಯಲ್ಲಿ ಉಳಿದಿತ್ತು. ಕೆಳಗಿನ ಒಲೆಯ ಹೊಗೆ ಕುಡಿದು ಕುಡಿದು ಹಳದಿ ತಿರುಗಿತ್ತು.

"ನಾಳೆ ಇಷ್ಟೊತ್ತಿಗೆ ಬನ್ನಿ. ನಿಮ್ಮವ್ವನ್ನ ಕೊಡ್ತೀನಿ" ಅಂದಳು ವಸಂತಕ್ಕ.

"ವಸಂತ, ಬೇಡದ್ ಉಸಾಬ್ರಿ ಕಣಮ್ಮ" ಅಂದರು ತೋಂಟದಾರ್ಯ. ಅವಳು ಆಗಲೇ ಫಿಲ್ಮು ಒರೆಸುತ್ತಿದ್ದಳು.

ಮೊದಲ ಸಲ ಪರದೆಯ ಮೇಲೆ ಬಂದ ಕಾಟಮ್ಮ ನೀಲಿ. ಫಿಲ್ಮಿಗೆ ಹತ್ತಿದ ಹಳದಿ, ಚಿತ್ರ ಮಗುಚಿದಾಗ ನೀಲಿಯಾಗಿ ಏಳುತ್ತದೆ. ಗಲ್ಲ, ತುಟಿ, ಕಿವಿ, ಎಲ್ಲ ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ. ಸತ್ತವಳನ್ನು ಇನ್ನೊಂದು ಸಲ ಸಾಯಿಸಿದಂತಿತ್ತು. ನಾನು ಮುಖ ತಿರುಗಿಸಿದೆ.

ಬಣ್ಣ ತಪ್ಪಿದರೆ ಒಂದು ದಾರಿ ಇದೆ. ಚಿತ್ರದಲ್ಲಿ ಬಿಳಿ ಇರುವ ಜಾಗ ಹುಡುಕಿ "ಇದು ಬಿಳಿ" ಅಂತ ಕಂಪ್ಯೂಟರಿಗೆ ತೋರಿಸಿದರೆ, ಮಿಕ್ಕವು ತಾವಾಗಿ ಸಾಲಿಗೆ ಬರುತ್ತವೆ. ಆ ಚಿತ್ರದಲ್ಲಿ ಗೋಡೆ ಹಸಿರು, ಸೀರೆ ಕೆಂಪು, ಅಕ್ಕಿಗೆ ಅರಿಶಿನ ಹಚ್ಚಿತ್ತು. ಬೆಳ್ಳಗೆ ಅಂತ ಇದ್ದದ್ದು ಕಾಟಮ್ಮನ ಕೈಲಿದ್ದ ಗಿಟುಕಿನ ಒಳಗು.

"ಕೊಬ್ರಿಗಿಂತ ಬಿಳಿ ಇನ್ನೇನ್ ಬೇಕು" ಅಂತ ವಸಂತಕ್ಕ ಅದರ ಮೇಲೆ ಒತ್ತಿದಳು.

ಗಿಟುಕು ಸುಣ್ಣದ ಹಾಗೆ ಮಿಂಚಿತು. ನೀಲಿ ಅರ್ಧ ಇಳಿಯಿತು. ಆದರೆ ಮುಖಕ್ಕೆ ಬೂದಿ ಬಡಿಯಿತು. ಇನ್ನೊಂದು ಕಡೆ ಒತ್ತಿದಳು, ಅದೇ ಬೂದಿ. ತಾನೇ ಕೆಂಪು ಸೇರಿಸಿದಳು, ಗಾಯದ ಹಾಗಾಯಿತು. ಹಳದಿ ಸೇರಿಸಿದಳು, ಕಾಮಾಲೆ.

"ನಮ್ಮಣ್ಣನ ಬಣ್ಣ ಒತ್ಬುಡು, ಹೋಗತ್ಲಾಗೆ" ಅಂದರು ಹಿಂದಿನಿಂದ ತೋಂಟದಾರ್ಯರ ತಂಗಿ ಗುರುಸಿದ್ದಮ್ಮ, ಕೌಂಟರಿನಲ್ಲಿ ಕೂರುವವರು. "ಸತ್ತೋಳು ಬಂದು ಕೇಳ್ತಾಳಾ?"

"ಅದಕ್ಕೇ ಕಣ್ರೀ. ಬಂದು ಕೇಳಂಗಿದ್ರೆ ನಿಮ್ಮಣ್ಣನ ಕೆನ್ನೆಗೆ ಬಾರಿಸಿರೋಳು."

ಸಾಕಾಗಿ ಊಟದ ಡಬ್ಬಿ ಬಿಚ್ಚಿದಳು. ಅವಳ ಗಂಡ ದಿನೇಶಣ್ಣ ಮಾರುಕಟ್ಟೆಯ ಮಂಡಿಯೊಂದರಲ್ಲಿ ಕೊಬ್ಬರಿ ಆರಿಸುವ ಕೆಲಸದಲ್ಲಿದ್ದ. ಒಡೆದ ಚೂರುಗಳು ಡಬ್ಬಿಯಲ್ಲಿ ಬೆಲ್ಲದ ಜೊತೆ ಇದ್ದೇ ಇರುತ್ತಿದ್ದವು. ನನಗೊಂದು ಚೂರು ಕೊಟ್ಟು, ತನ್ನದನ್ನು ಒಂದು ಸಲ ಕಚ್ಚಿ, ಉಳಿದದ್ದನ್ನು ಮೇಜಿನ ಮೇಲಿಟ್ಟಳು. ಅಲ್ಲಿ ಪ್ರಿಂಟ್ ಹಾಕುವ ಖಾಲಿ ಕಾಗದ ಬಿದ್ದಿತ್ತು.

ಅವಳ ಅಗಿಯುವ ಬಾಯಿ ನಿಂತಿತು.

ಕಾಗದದ ಮೇಲೆ ಕೊಬ್ಬರಿ ಬೆಳ್ಳಗಿರಲಿಲ್ಲ. ಕೆನೆ ಬಣ್ಣಕ್ಕಿತ್ತು, ಅಂಚಿನಲ್ಲಿ ಎಣ್ಣೆ ಜಿನುಗಿ ಇನ್ನೂ ಹಳದಿ. ಹುಟ್ಟಿದಾಗಿನಿಂದ ನೋಡಿದ್ದೇವೆ, ಇಬ್ಬರಿಗೂ ಗೊತ್ತಿಲ್ಲ!

"ಥೂ ನನ್ ಜನ್ಮಕ್ಕೆ. ಮಂಡಿಯಿಂದ ಬಂದ್ ದಿನಾ ಹೇಳ್ತಾರೆ, ಈ ಥರ ಬಿಳಿ, ಆ ಥರ ಬಿಳಿ, ಅಂತ. ಕೊರೆತ ಅಂತ ಸುಮ್ನಿರ್ತಿದ್ದೆ. ಕೆನೆನ ಎಳ್ದು ಸುಣ್ಣ ಮಾಡುದ್ರೆ ಆ ಯಮ್ಮ ನೀಲಿ ಆಗ್ದೆ ಇನ್ನೇನಾಗ್ತಾಳೆ?"

ಕೈ ಒರೆಸಿಕೊಂಡು ಕೂತಳು. ಆ ಚೂರನ್ನು ಪರದೆಯ ಪಕ್ಕ ಹಿಡಿದುಕೊಂಡಿರು ಅಂದಳು ನನಗೆ. ಚಿತ್ರದಲ್ಲಿನ ಗಿಟುಕು ಬಿಳಿಯಾಗುವ ತನಕ ಅಲ್ಲ, ನನ್ನ ಕೈಲಿದ್ದ ಕೊಬ್ಬರಿಯ ಹಾಗಾಗುವ ತನಕ ನೀಲಿಯನ್ನು ಸ್ವಲ್ಪ ಸ್ವಲ್ಪ ಎಳೆದಳು. ಕೆನೆ ಬಂತು. ಅದರ ಹಿಂದೆಯೇ ಕಾಟಮ್ಮ ಬಂದಳು. ಗಿಟುಕಿನ ಹೊರಗಿನ ಕಂದು ಬೇರೆ, ಅದನ್ನು ಹಿಡಿದ ಬೆರಳಿನ ಕಂದು ಬೇರೆ ಅಂತ ಆಗ ಕಂಡಿತು. ಹಣೆಯ ಮೇಲೆ ಬೆವರಿನ ಹೊಳಪು, ಕಣ್ಣ ಕೆಳಗೆ ಇನ್ನೂ ಗಾಢ, ಸೆರಗಿನ ಮರೆಯ ಕತ್ತು ಒಂಚೂರು ತಿಳಿ. ಬಿಸಿಲು ಎಲ್ಲೆಲ್ಲಿ ಬಿದ್ದಿತ್ತು, ಎಲ್ಲಿ ಬಿದ್ದಿರಲಿಲ್ಲ ಅಂತ ಹೇಳಬಹುದಿತ್ತು.

ತೋಂಟದಾರ್ಯ ಬಗ್ಗಿ ನೋಡಿ, "ಕಪ್ಪಾಯ್ತು" ಅಂದರು.

"ಕಪ್ಪಾಗಿಲ್ಲ ಸಾರ್. ಕಪ್ಪಿದ್ರು."

ಗುರುವಾರ ಮುದ್ದಣ್ಣ ತಮ್ಮ ಜುಂಜೇಶನನ್ನೂ ಕರೆತಂದಿದ್ದ. ಜುಂಜೇಶ ತುಮಕೂರಿನಲ್ಲಿ ಅಂಗಡಿ ಕೆಲಸದವನು, ಷರಟಿಗೆ ಇಸ್ತ್ರಿ. ವಸಂತಕ್ಕ ಪ್ರಿಂಟನ್ನು ಕೊಟ್ಟಳು. ಮುದ್ದಣ್ಣ ಅದನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದ.

"ಎಲೆಅಡ್ಕೆ ಬಾಯಿ ಒರೆಸ್ಕಂಡೇ ಇಲ್ಲ ನೋಡು" ಅಂದ. ತುಟಿಯ ಮೂಲೆಯಲ್ಲಿ ಕೆಂಪು ಕರೆ ನಿಜವಾಗಿಯೂ ಇತ್ತು. "ಮದ್ವೆ ಮನೇಲೂ! ಎಷ್ಟ್ ಸಲ ಹೇಳಿದೀನಿ ಈ ಮುದ್ಕಿಗೆ."

ಬೈಯುತ್ತಲೇ ಇದ್ದ, ಬೈಯುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ.

ಜುಂಜೇಶನಿಗೆ ಸಮಾಧಾನವಿರಲಿಲ್ಲ. ಮೇಜಿನ ಮೇಲಿದ್ದ ಗುಲಾಬಿ ಫ್ರೇಮನ್ನು ಎತ್ತಿಕೊಂಡ. "ಅಣ್ಣ, ಇದೇ ಇರ್ಲಿ ಬುಡು. ಬೀಗ್ರು ಬತ್ತಾರೆ, ನಮ್ ಓನರ್ರೂ ಬತ್ತಾರೆ. ಅದುನ್ನಿಟ್ರೆ ಏನಂದ್ಕತಾರೆ?"

"ಬೀಗ್ರು ನಮ್ಮವ್ವನ್ನ ನೋಡಿಲ್ವೇನ್ಲಾ? ಅವಳ್ ಕೈಲಿ ಮುದ್ದೆ ಉಂಡಿಲ್ವಾ?"

"ಅದಲ್ಲ ಕಣಣ್ಣ, ನೋಡಾಕೆ..."

ಮುದ್ದಣ್ಣ ತಮ್ಮನ ಮುಂಗೈ ಹಿಡಿದು, ತೋಳಿನ ಗುಂಡಿ ಬಿಚ್ಚಿ ಮೇಲೆ ಸರಿಸಿ, ಪ್ರಿಂಟಿನ ಪಕ್ಕ ಇಟ್ಟ. ಕಾಟಮ್ಮನ ಕೈ, ಜುಂಜೇಶನ ಕೈ. ಒಂದೇ ಬಣ್ಣ.

"ಇದ್ ಎಲ್ಲಿಂದ ಬಂತ್ಲಾ ನಿಂಗೆ? ಅವ್ವ ಕೊಟ್ಟಿದ್ದು ತಾನೇ? ಅದೊಂದುನ್ನೂ ಅವಳತ್ರ ಕಿತ್ಕಂಡು ಕಳುಸ್ತೀಯಾ?"

ಜುಂಜೇಶ ತೋಳು ಇಳಿಸಿಕೊಂಡು ಗುಂಡಿ ಹಾಕಿಕೊಂಡ. ಗುಲಾಬಿ ಫ್ರೇಮನ್ನು ಕೆಳಗಿಟ್ಟ. ಮುದ್ದಣ್ಣ ಹೊಸದನ್ನು ಎದೆಗಾನಿಸಿಕೊಂಡು ಮೆಟ್ಟಿಲಿಳಿದ. ಜುಂಜೇಶ ಅರ್ಧ ದಾರಿಯಿಂದ ವಾಪಸ್ ಬಂದು ಮೆಲ್ಲಗೆ ಕೇಳಿದ:

"ಅಕ್ಕ, ನಂದೊಂದ್ ಪಾಸ್‌ಪೋರ್ಟ್ ಸೈಜ್ ಬೇಕಿತ್ತು. ಒಂಚೂರು ಬೆಳ್ಳಗ್ ಬರಂಗೆ..."

ಆ ಥೂ ಬೀದಿಯ ತನಕ ಕೇಳಿಸಿರಬೇಕು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು ನಾನೂ ವಸಂತಕ್ಕನೂ ಬಂದರೆ, ಸ್ಟುಡಿಯೊದ ಗಾಜಿನ ಪೆಟ್ಟಿಗೆಯಲ್ಲಿ, ಬೀದಿಗೆ ಮುಖ ಮಾಡಿ, ಆ ಗುಲಾಬಿ ಕಾಟಮ್ಮ. ಕೆಳಗೆ "ಇಲ್ಲಿ ಹಳೆಯ ಫೋಟೊಗಳನ್ನು ಸುಂದರಗೊಳಿಸಲಾಗುವುದು" ಅಂತ ಬೋರ್ಡು. ಅದೇ ಹೊತ್ತಿಗೆ ಹಟ್ಟಿಯಲ್ಲಿ ಎಡೆಗೆ ಅಡಿಗೆ ನಡೆದಿರಬೇಕು.

ವಸಂತಕ್ಕ ಒಳಗೆ ಹೋಗಲಿಲ್ಲ. ಊಟದ ಚೀಲ ಹಿಡಿದುಕೊಂಡು ಮೆಟ್ಟಿಲ ಕೆಳಗೇ ನಿಂತಳು. ನಾನು ಕಾಲೇಜಿಗೆ ಹೋಗುವುದು ಬಿಟ್ಟು ಪಕ್ಕದಲ್ಲಿ ನಿಂತೆ.

"ಯಾಕಮ್ಮ, ಒಳಗ್ ಬಾ" ಅಂದರು ತೋಂಟದಾರ್ಯ.

"ಆ ಯಮ್ಮನ್ನ ಇಳ್ಸಿ. ಆಮೇಲ್ ಬತ್ತೀನಿ."

"ಫ್ರೇಮು ನಂದು, ಪೋಟ ನಂದು."

"ಮುಖ ನಿಮ್ದಲ್ವಲ್ಲ ಸಾರ್."

ಹೂವಿನವಳು ನಿಂತು ನೋಡಿದಳು. ಸೈಕಲ್ಲಿನವನೊಬ್ಬ ಕಾಲೂರಿದ. ಸ್ಕ್ಯಾನಿಂಗಿಗೆ ಕೊಟ್ಟಿದ್ದ ಇಬ್ಬರು ಗಿರಾಕಿಗಳು ಬಂದು, ವಸಂತಕ್ಕ ಹೊರಗಿರುವುದನ್ನು ಕಂಡು, ತಾವೂ ಹೊರಗೇ ನಿಂತರು. ತೋಂಟದಾರ್ಯ ಗೊಣಗುತ್ತಾ ಗಾಜು ಸರಿಸಿ ಫ್ರೇಮನ್ನು ತೆಗೆದರು. ಒಳಗಿನಿಂದ ಫೋಟೊ ಎಳೆದು ಹರಿದು ಬುಟ್ಟಿಗೆ ಹಾಕಿದರು. ಖಾಲಿ ಪೆಟ್ಟಿಗೆ ಚೆನ್ನಾಗಿ ಕಾಣಲಿಲ್ಲವೇನೋ, ಒಳಗಿನಿಂದ ತಮ್ಮದೇ ದೊಡ್ಡ ಫೋಟೊ ತಂದು ಅಲ್ಲಿ ನಿಲ್ಲಿಸಿದರು. ಹಲ್ಲುಪುಡಿ ಮುಖ, ಸೂಟು, ಟೈ.

ವಸಂತಕ್ಕ ಅದನ್ನೂ ನೋಡಿದಳು, ಅವರನ್ನೂ ನೋಡಿದಳು.

"ಇದು ನಿಮ್ ಮುಖ, ನಿಮ್ಮಿಷ್ಟ" ಅಂತ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದಳು.