ದೀಪದ ಕೊರಳಿಗೆ ಬಳೆಯ ಅಳತೆ

ಬಳೆಗಾರ ಆಯಿಯ ಬಲಗೈ ಹೆಬ್ಬೆರಳಿನ ಬುಡ ಬೇಸಿಗೆಯ ಎರೆಹೊಲದಂತೆ ಇತ್ತು. ಗಾಜಿನ ಗೀರುಗಳು ಒಂದರ ಮೇಲೊಂದು ಹಾಯ್ದು, ಮಾಗಿ, ಅಲ್ಲಿ ಚರ್ಮ ಯಾವುದು ಗಾಯ ಯಾವುದು ಎಂದು ತಿಳಿಯುತ್ತಿರಲಿಲ್ಲ. ಅದೇ ಒರಟು ಬೆರಳಿನಿಂದ ಆಕೆ ನಮ್ಮ ಕೈ ಹಿಸುಕಿದರೆ ಮಾತ್ರ ಬೆಣ್ಣೆ ಸವರಿದಂತಾಗಿ ಬಳೆ ಜಾರಿ ಹೋಗುತ್ತಿತ್ತು.

ಆಕೆಯ ಊರು ಮಸ್ಕಿ, ನನ್ನ ತವರೂರು. ಬಿದಿರಿನ ಬುಟ್ಟಿ ತಲೆಯ ಮೇಲೆ ಹೊತ್ತು ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ತಿರುಗುತ್ತಿದ್ದಳು. ನಾನು ತುರ್ವಿಹಾಳಕ್ಕೆ ಸೊಸೆಯಾಗಿ ಬಂದ ಮೇಲೆ ತಿಂಗಳಿಗೊಮ್ಮೆ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸುವುದು ತಪ್ಪಲಿಲ್ಲ. ಆಕೆಯ ಕೈಯಲ್ಲಿ ಮಾತ್ರ ಒಂದು ಕೆಂಪು, ಒಂದು ಹಸಿರು, ಒಂದು ಕರಿ, ಹೀಗೆ ಕಂಡ ಕಂಡ ಬಣ್ಣದ ಬಳೆ. ಕೇಳಿದರೆ ನಗುತ್ತಿದ್ದಳು. "ಜೋಡಿ ತಪ್ಪಿದ್ದನ್ನ ಯಾರು ಇಟಗೋತಾರಬೇ? ಅವಕ್ಕೂ ಒಂದು ಕೈ ಬೇಕಲ್ಲ!"

ನಮ್ಮ ಮನೆಯ ಪಡಸಾಲೆಯ ತೊಲೆಗೆ ಒಂದು ದೀಪದ ಗೊಂಚಲು ತೂಗುತ್ತಿತ್ತು. ಕಾಲುವೆ ಕೆಲಸ ಶುರುವಾದ ಕಾಲಕ್ಕೆ ಲಿಂಗಸುಗೂರಿನ ದಂಡಿನ ಛಾವಣಿಯ ಹಳೇ ಬಂಗಲೆಯೊಂದರ ಸಾಮಾನು ಹರಾಜಿಗೆ ಬಂದಾಗ ನಮ್ಮ ಮಾವ ಅದನ್ನು ಬಂಡಿಯಲ್ಲಿ ಹೇರಿಕೊಂಡು ಬಂದಿದ್ದರು. ಆರು ಹಿತ್ತಾಳೆ ಕೈ, ಕೈಯ ತುದಿಗೆ ಬಲ್ಬಿನ ಸುತ್ತ ಕೂರುವ ಗಾಜಿನ ಹೂ. ಹಾಲಿನ ಬಣ್ಣ, ನೀಲಿ ಅಂಚು. ಹೂ ಮಾತ್ರ ಐದೇ. ಆರನೆಯದು ಹರಾಜಿನಲ್ಲೇ ಇರಲಿಲ್ಲ ಎಂದು ಮಾವ ಹೇಳುತ್ತಿದ್ದರು.

ಆಗ ಊರಿಗೆ ಕರೆಂಟು ಎಲ್ಲಿತ್ತು? "ಕಂದೀಲಿಗೆ ಎಣ್ಣಿ ಇಲ್ಲ, ಗೌಡ್ರು ಗೊಂಚಲ ತಂದಾರ" ಎಂದು ಜನ ಆಡಿಕೊಂಡರು. "ನೀರು ಬರತೈತಿ, ಅದರ ಹಿಂದ ಕರೆಂಟೂ ಬರತೈತಿ. ಅವತ್ತು ಐದೂ ಹತ್ತಸ್ತೀನಿ, ಎಲ್ಲಾರೂ ಬಂದು ನೋಡ್ರಲೇ" ಎಂದು ಮಾವ ಹಟ ತೊಟ್ಟರು. ಧೂಳು ಕೂರಬಾರದೆಂದು ಗೊಂಚಲನ್ನು ಹಳೇ ಧೋತರದಲ್ಲಿ ಸುತ್ತಿಟ್ಟರು. ನೀರು ಬಂತು, ನೆಲ್ಲು ಬಂತು, ಕಂಬಗಳೂ ಬಂದು ನಿಂತವು. ತಂತಿ ಎಳೆಯುವುದೊಂದು ಬಾಕಿ.

ಆ ವರ್ಷ ದೀಪಾವಳಿಗೆ ಅತ್ತೆ ಧೋತರ ಬಿಚ್ಚಿ ಹೂಗಳನ್ನು ಒರೆಸು ಎಂದರು. ಮಾವ ಹೊಲದಲ್ಲಿದ್ದರು. ಒರೆಸಿದೆ. ಅಷ್ಟು ಚೆಂದದ ದೀಪ ಹಬ್ಬದ ದಿನವೂ ಕತ್ತಲಲ್ಲಿ ತೂಗುವುದೇ ಎಂದು ಮನಸ್ಸು ತಡೆಯಲಿಲ್ಲ. ಬಲ್ಬು ಕೂರುವ ಜಾಗಕ್ಕೆ ಪುಟ್ಟ ಪಣತಿ ಸರಿಯಾಗಿ ಕೂತಿತು. ಎಣ್ಣೆ ಹಾಕಿ, ಬತ್ತಿ ಹೊಸೆದು, ಎರಡು ಹಚ್ಚಿದೆ. ಅಹಾ, ಏನು ಚೆಂದ! ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಟಣ್ ಎಂದಿತು ಒಂದು. ಹಿಂದೆಯೇ ಇನ್ನೊಂದು.

ಅತ್ತೆ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಚೂರು ಆರಿಸಿ, ಧೋತರ ಮತ್ತೆ ಸುತ್ತಿ, "ನಿಮ್ಮ ಮಾವನ ಮುಂದ ಉಸುರು ಬಿಡಬ್ಯಾಡ. ಊರ ಮಂದಿ ಮುಂದ ಅವರ ಮಾನ ಐತಿ ಇದರಾಗ" ಎಂದರು. ದಿನಾ ಮಾವ ಆ ಗಂಟಿನ ಕೆಳಗೇ ಕೂತು ಊಟ ಮಾಡುವರು. ಬಡಿಸುವಾಗ ನನ್ನ ಕಣ್ಣು ಎಲ್ಲ ಬಿಟ್ಟು ಮೇಲೇ ಹೋಗುವುದು. ನಮ್ಮ ಮನೆಯವರು ಸಿಂಧನೂರಿನ ಅಂಗಡಿಗಳಲ್ಲಿ ಗುಟ್ಟಾಗಿ ಹುಡುಕಿ ಒಂದು ಗಾಜು ತಂದರು. ಅದು ಹೂ ಕೂರುವ ಹಿತ್ತಾಳೆ ಬಟ್ಟಲಲ್ಲಿ ಹುಡುಗರ ಕಾಲಿಗೆ ಅಪ್ಪನ ಚಪ್ಪಲಿಯಂತೆ ಅಲುಗಾಡಿತು.

ಆಯಿ ಬಂದಳು. ಕೈ ಹಿಡಿದವಳೇ, "ಯಾಕಬೇ, ಕೈ ಕಟಗಿ ಆಗ್ಯಾವ? ಸಡ್ಲ ಬಿಡು. ಬಿಗಿ ಹಿಡದ್ರ ಬಳಿನೂ ಒಡಿತಾವ, ಕೈನೂ ಕೊಯ್ತಾವ" ಎಂದಳು. ನಾನು ಅತ್ತುಬಿಟ್ಟೆ. ಒಡೆದ ಹೂವಿನ ಕೊರಳಷ್ಟೇ ಉಂಗುರದಂತೆ ಇಡಿಯಾಗಿ ಉಳಿದಿತ್ತು. ತಂದು ತೋರಿಸಿದೆ. ಆಯಿ ಅದನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, ಬುಟ್ಟಿಯಿಂದ ಹಸಿರು ಬಳೆಯೊಂದನ್ನು ತೆಗೆದು ಆ ಕೊರಳಿಗೇ ತೊಡಿಸಿದಳು. ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ.

"ಎರಡು-ನಾಲ್ಕು! ನಿನ್ನ ಕೈಯ ಅಳತೀನೇ ಐತಲ್ಲಬೇ ಈ ದೀಪದ ಕೊಳ್ಳು!" ಎಂದು ಬಳೆಯನ್ನು ಸೊಂಟದ ಚೀಲಕ್ಕೆ ಸೇರಿಸಿದಳು.

"ಸಿಂಧನೂರಾಗೇ ಸಿಗಲಿಲ್ಲ, ನಿನಗೆಲ್ಲಿ ಸಿಗತೈತಿ ಆಯಿ?" ಎಂದರು ಅತ್ತೆ.

"ಗಂಡಸರು ಅಂಗಡಿ ಹುಡುಕತಾರ. ನಾ ಅಡಿಗಿಮನಿ ಹುಡುಕತೀನಿ. ಆ ಬಂಗಲೆ ಸಾಮಾನು ನೀವೊಬ್ಬರೇ ತಂದೀರೇನು?"

ತಂತಿ ಎಳೆಯುವವರು ಊರ ಹೊರಗೆ ಡೇರೆ ಹಾಕಿದರು. ಆಯಿಯ ಸುದ್ದಿಯಿಲ್ಲ. ಮಾವ ಆಗಲೇ ಮನೆ ಮನೆಗೆ ಹೇಳಿ ಬಂದಿದ್ದರು. ಕರೆಂಟು ಬರುವುದಕ್ಕೆ ಎರಡು ದಿನ ಇದೆ ಎನ್ನುವಾಗ ಬಿಸಿಲಲ್ಲಿ ಬುಟ್ಟಿ ಕಂಡಿತು. ಬಳೆಗಳ ಕೆಳಗೆ ನೆಲ್ಲುಹುಲ್ಲಿನ ಎರಡು ಗೂಡು, ಅದರೊಳಗೆ ಎರಡು ಹೂ. "ಕಾಲುವಿ ಬಂದು ನನಗೂ ಒಂದು ಲಾಭ ಆತು ನೋಡು. ಜ್ವಾಳದ ದಂಟಿನಾಗ ಇಂಥಾದ್ದು ತರಾಕ ಆಗತಿತ್ತೇನು?"

ಒಂದು ಹೂ ಲಿಂಗಸುಗೂರಿನ ಎಣ್ಣೆ ಅಂಗಡಿಯಲ್ಲಿ ಡಬ್ಬಿ ತುಂಬುವ ಲಾಳಿಕೆಯಾಗಿತ್ತಂತೆ. ಇನ್ನೊಂದರ ತೂತಿಗೆ ಆ ಅಂಗಡಿಯವರ ಮನೆಯ ಮುದುಕಿ ಅರಿವೆ ತುರುಕಿ ಎಲೆ-ಅಡಿಕೆ ಇಟ್ಟುಕೊಂಡಿದ್ದಳಂತೆ. ಮನೆಯ ಹೆಣ್ಣುಮಕ್ಕಳಿಗೆಲ್ಲ ಕೈತುಂಬ ಬಳೆ ಇಟ್ಟು ಆಯಿ ಎರಡನ್ನೂ ಬಿಡಿಸಿಕೊಂಡು ಬಂದಿದ್ದಳು. ಅವುಗಳ ಅಂಚು ಮಾತ್ರ ಹಸಿರು.

"ಅವರಿಗೆ ಗೊತ್ತಾಗಂಗಿಲ್ಲೇನು?" ಅತ್ತೆ ಗಾಬರಿಯಾದರು.

"ಬೆಳಕು ಕಣ್ಣಿಗೆ ಕುಕ್ಕುವಾಗ ಅಂಚು ಯಾರು ನೋಡ್ತಾರ ಬಿಡವ್ವ."

ಕರೆಂಟು ಬಂದ ಸಂಜೆ ಪಡಸಾಲೆ ತುಂಬ ಜನ. ಮಾವ ಧೋತರ ಎಳೆದು, ಗುಂಡಿ ಒತ್ತಿದರು. ಐದೂ ಒಟ್ಟಿಗೆ ಹತ್ತಿದವು. ಹೆಂಗಸರು ಹೋ ಎಂದರು, ಮುದುಕರು ಕೈ ಮುಗಿದರು. ಮಾವನ ಮೀಸೆ ಕುಣಿಯಿತು. ನನ್ನ ಎದೆ ಹಗುರವಾಗುವಷ್ಟರಲ್ಲಿ ಘಮ್ಮೆಂದು ವಾಸನೆ ಬಂತು. ಎಷ್ಟೇ ತಿಕ್ಕಿ ತೊಳೆದಿದ್ದರೂ ವರ್ಷಗಟ್ಟಲೆ ಶೇಂಗಾ ಎಣ್ಣೆ ಕುಡಿದ ಹೂ, ಬಲ್ಬಿನ ಕಾವಿಗೆ ಬೆವರತೊಡಗಿತ್ತು.

ಮಾವ ಮೂಗರಳಿಸಿದರು. "ಯಾರಬೇ ಒಳಗ ಮಿರ್ಚಿ ಕರಿಯಾಕತ್ತೀರಿ?"

ಅವರ ಕಣ್ಣು ವಾಸನೆಯ ಬೆನ್ನು ಹತ್ತಿ ಮೆಲ್ಲಗೆ ಮೇಲೇರಿತು. ಹಿಂದೆ ನಿಂತಿದ್ದ ಆಯಿ ನನ್ನ ಕೈ ಹಿಡಿದು, ಹೆಬ್ಬೆರಳ ಬುಡವನ್ನು ಬಳೆ ಇಡುವಾಗಿನಂತೆ ಒತ್ತಿದಳು. "ಸಡ್ಲ ಬಿಡು."

ಹೇಳಿಬಿಟ್ಟೆ. ಪಣತಿ, ಟಣ್, ಲಾಳಿಕೆ, ಎಲ್ಲಾ.

ಮಾವ ಗೊಂಚಲಿನ ಕೆಳಗೆ ಬಂದು ನಿಂತರು. ಆಮೇಲೆ ಹೂವಿಲ್ಲದ ಆರನೆಯ ಕೈಯತ್ತ ಬೆರಳು ತೋರಿಸಿ, "ಅದರಾಗ ನಾ ಇಟ್ಟಿದ್ದೆ ಪಣತಿ. ತಂದ ದಿನಾನೇ" ಎಂದರು.

"ಅಯ್ಯ ನನ ಶಿವನ!" ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಇಷ್ಟು ವರ್ಷ ಹರಾಜಿನವರಿಗೆ ಬೈಕೋತ ಬಂದ್ರಲ್ಲರೀ!"

ಪಡಸಾಲೆ ನಕ್ಕಿತು. ಮಾವ ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. "ಗೌಡ್ರ, ವಾಸನಿ ಬಂದ ಮ್ಯಾಲ ಮಿರ್ಚಿ ಬರಬೇಕ್ರಿ" ಎಂದಳು ಆಯಿ. ಮಾವ ಬಾಣಲೆ ಇಡಿಸಿದರು. ಊರಿಗೆ ಕರೆಂಟು ಬಂದ ದಿನವನ್ನು ತುರ್ವಿಹಾಳದ ಹಳಬರು ಇಂದಿಗೂ ನೆನೆಯುವುದು ಮಿರ್ಚಿಯ ಲೆಕ್ಕದಲ್ಲೇ.

"ಆರನೇದೂ ಹುಡುಕತೀನಿ ತಡೀರಿ" ಎಂದು ಆಯಿ ಆ ಅಳತೆಯ ಬಳೆಯನ್ನು ಸೊಂಟದ ಚೀಲದಲ್ಲೇ ಇಟ್ಟುಕೊಂಡಳು. ಬಂದಾಗಲೆಲ್ಲ ಮಾವ "ಸಿಕ್ತೇನು?" ಎನ್ನುವರು. "ನೀವೇನು ಅವಸರ ಮಾಡ್ತೀರಿ, ಒಡದವರು" ಎಂದು ಆಕೆ ಬಾಯಿ ಮುಚ್ಚಿಸುವಳು.

ಒಂದು ವರ್ಷ ಬುಟ್ಟಿಯನ್ನು ಆಕೆಯ ಸೊಸೆ ಹೊತ್ತು ತಂದಳು. ಆಯಿ ಸುಗ್ಗಿಯ ಹೊತ್ತಿಗೆ ಮಲಗಿದವಳು ಏಳಲಿಲ್ಲವಂತೆ. ಸೊಸೆ ಹುಲ್ಲಿನ ಗೂಡೊಂದನ್ನು ನನ್ನ ಮುಂದಿಟ್ಟಳು. ಸಂತೆಕಲ್ಲೂರಿನ ಯಾರದೋ ಹಿತ್ತಲಲ್ಲಿ ಮಲ್ಲಿಗೆ ಸಸಿಗೆ ಮುಚ್ಚಿದ್ದರಂತೆ. ಕೆಂಪು ಅಂಚಿನ ಹೂ, ಅದರ ಕೊರಳಲ್ಲಿ ಹಸಿರು ಬಳೆ.

ಈಗ ಆರೂ ಹತ್ತುತ್ತವೆ. ನೀಲಿ ಮೂರು, ಹಸಿರು ಎರಡು, ಕೆಂಪು ಒಂದು. ಬಳೆಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಧೂಳು ಒರೆಸುವ ದಿನ ಒಮ್ಮೆ ಕೈಗೆ ಏರಿಸಿ ನೋಡುತ್ತೇನೆ. ಎಷ್ಟು ಸಡಿಲ ಬಿಟ್ಟರೂ ಗೆಣ್ಣು ದಾಟುವುದಿಲ್ಲ, ಕೈ ದಪ್ಪಗಾಗಿದೆ. ದೀಪದ ಕೊರಳಿಗೆ ಮಾತ್ರ ಅದು ಇಂದಿಗೂ ಸರಿಯಾಗಿ ಕೂರುತ್ತದೆ.