ಕೊಣ್ಣೂರ ಚಾವಡಿಯಲ್ಲಿ ಹತ್ತು ಹೆಸರು

ಕೊಣ್ಣೂರಿನ ಶಿವಗಂಗವ್ವನಿಗೆ ಹಟ ಹತ್ತಿತೆಂದರೆ ಇಡೀ ಊರಿಗೇ ಗೊತ್ತಾಗುತ್ತಿತ್ತು. ಆ ವರ್ಷ ಅವಳ ಹಟ ಹೊಳೆಗೆ ಮೆಟ್ಟಿಲು ಕಟ್ಟಿಸುವುದು. ಘಟಪ್ರಭೆಯ ನೀರಿಗಿಳಿಯುವ ದಾರಿ ಬರೀ ಕೆಸರು; ಹೋದ ಶ್ರಾವಣದಲ್ಲಿ ಅವಳೇ ಕೊಡದ ಸಮೇತ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಪಂಚಾಯ್ತಿಯ ಗಂಡಸರಿಗೆ ಹೇಳಿ ಹೇಳಿ ಸಾಕಾಗಿತ್ತು. ನೀರು ಹೊರುವವರು ಅವರಲ್ಲವಲ್ಲ, ಅವರಿಗೇಕೆ ಮೆಟ್ಟಿಲಿನ ಚಿಂತೆ!

ಅಷ್ಟರಲ್ಲಿ ಸುದ್ದಿ ಬಂತು. ಆಗ ಆ ಸೀಮೆಯನ್ನು ಆಳುತ್ತಿದ್ದ ಮುಂಬೈ ಸರ್ಕಾರ ಪಂಚಾಯ್ತಿಗಳನ್ನು ಸುಧಾರಿಸುತ್ತದಂತೆ, ಹೆಂಗಸರಿಗೂ ಒಂದು ಜಾಗ ಇಡುತ್ತದಂತೆ. ಗೋಕಾಕದಿಂದ ಬಂದ ಸಾಹೇಬರು ಚಾವಡಿಯಲ್ಲಿ ಸಭೆ ಕರೆದು, ಹತ್ತು ಹೆಂಗಸರು ತಾವಾಗಿ ಬಂದು ಹೆಸರು ಬರೆಸಿದರೆ ಮಾತ್ರ ಊರಿಗೆ ಆ ಜಾಗ ಎಂದರು. ಆ ಜಾಗ ಸಿಕ್ಕರೆ ಮೆಟ್ಟಿಲೂ ಆದೀತೆಂದು ಶಿವಗಂಗವ್ವ ಎಂಟು ಮಂದಿ ಗೆಳತಿಯರನ್ನು ಕಟ್ಟಿಕೊಂಡು, ಹತ್ತನೆಯವಳಾಗಿ ಮುದುಕಿ ಭರಮವ್ವನನ್ನೂ ಎಳೆದುಕೊಂಡು ಹೋದಳು.

ಸಾಹೇಬರ ಕಾರಕೂನ ಟಾಕನ್ನು ಮಸಿಯಲ್ಲಿ ಅದ್ದಿ ಹೆಸರು ಕೇಳಿದ.

"ಶಿವಗಂಗವ್ವ ರಿ."

"ಗಂಡನ ಹೆಸರು?"

ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಗಂಡನ ಹೆಸರನ್ನು ನೇರವಾಗಿ ಆಡುವುದುಂಟೇ! ಆ ಗಂಡ ದುಂಡಪ್ಪ ಅಲ್ಲೇ ಕಂಬಕ್ಕೆ ಒರಗಿ ಮೀಸೆಯಡಿ ನಗುತ್ತಿದ್ದ. "ನಾ ಹೇಳ್ಲೇನ್ರಿ ಸಾಹೇಬ್ರ?" ಎಂದ.

"ಬ್ಯಾಡ, ಆಕಿ ಬಾಯಿಂದನ ಬರಬೇಕು," ಎಂದರು ಸಾಹೇಬರು. "ಗಂಡನ ಹೆಸರ ಹೇಳಾಕ ಆಗದವರು ಪಂಚಾಯ್ತ್ಯಾಗ ಏನ್ ಮಾತಾಡ್ತೀರವ್ವಾ?"

ಗಂಡಸರು ಗೊಳ್ಳೆಂದು ನಕ್ಕರು. ಶಿವಗಂಗವ್ವನಿಗೆ ಮೈಯೆಲ್ಲ ಉರಿಯಿತು. ಸೆರಗು ಬಿಗಿದು, ಮದುವೆಮನೆಯ ಹೊಸ್ತಿಲಲ್ಲಿ ನಿಂತಂತೆ ನಿಂತು, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಒಡಪು ಹಾಕಿದಳು:

"ಹೊಳಿಯಾಗ ತುಂಬಿ ಹರದೈತಿ ನೀರು,
ಹೊಲದಾಗ ತೂಗಾಕತ್ತೈತಿ ಜ್ವಾಳದ ಪೈರು,
ಪಂಚಾಯ್ತಿಗೆ ನಾವ್ ಬಂದ್ರ ಬ್ಯಾಡನ್ನವರ್ಯಾರು?
ದುಂಡಪ್ಪನವರು ನಮ್ಮ ಮನಿಯವರು!"

ಹಾಗೆ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಚಾವಡಿಯ ತುಂಬ ಚಪ್ಪಾಳೆ. ದುಂಡಪ್ಪ ನಾಚಿ ರುಮಾಲು ಸರಿಮಾಡಿಕೊಂಡ. ಆಮೇಲೆ ಒಬ್ಬೊಬ್ಬಳದೂ ಒಂದೊಂದು ಒಡಪು. ಸುಂದ್ರವ್ವ ತನ್ನದರಲ್ಲಿ ಗಂಡನ ಗೊರಕೆಯನ್ನೂ ಸೇರಿಸಿದಳು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಸರ್ಕಾರಿ ಸಭೆ ಇಷ್ಟು ಸೊಗಸಾಗಿರುತ್ತದೆಂದು ಯಾರಿಗೆ ಗೊತ್ತಿತ್ತು!

ಒಂಬತ್ತು ಹೆಸರಾದವು. ಭರಮವ್ವ ಮಾತ್ರ ಏಳಲಿಲ್ಲ. ಗಂಡ ತೀರಿ ಇಪ್ಪತ್ತು ವರ್ಷವಾಗಿತ್ತು. ಒಡಪು ಹಾಕುವುದು ಮುತ್ತೈದೆಯರು. ಇದು ಮೊದಲೇ ಹೊಳೆಯದ್ದಕ್ಕೆ ಶಿವಗಂಗವ್ವ ತನ್ನನ್ನೇ ಬೈದುಕೊಂಡಳು. ಮೆಟ್ಟಿಲು ಕೈತಪ್ಪುತ್ತದೆಂದು ಗೊತ್ತಿದ್ದರೂ ಬಗ್ಗಿ ಮೆಲ್ಲಗೆ, "ಆಯಿ, ಮನಸಿಲ್ಲದಿದ್ರ ಬ್ಯಾಡ ಬಿಡು," ಎಂದಳು.

ಮುದುಕಿ ಕೋಲೂರಿ ಎದ್ದಳು. ಕಾರಕೂನನ ಮುಂದೆ ಹೋಗಿ ತನ್ನ ಹೆಸರು ಹೇಳಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಯಲ್ಲಪ್ಪ," ಎಂದಳು.

ಒಡಪಿಲ್ಲ, ಪ್ರಾಸವಿಲ್ಲ. ಅವಳ ಬೊಚ್ಚುಬಾಯಿಯಲ್ಲಿ ನಗು ಅರಳಿತು.

"ಅವರಿದ್ದಾಗ ಒಡಪಿಲ್ಲದ ಒಮ್ಮಿನೂ ಅಂದಿಲ್ಲ ನೋಡ್ರಿ. ಎಷ್ಟ್ ಚೆಂದ ಹೆಸರೈತಿ! ಇನ್ನೊಮ್ಮಿ ಹೇಳ್ಲೇನ್ರಿ?"

ಹತ್ತನೆಯ ಹೆಸರನ್ನು ಕಾರಕೂನ ಆಗಲೇ ಬರೆದು ಮುಗಿಸಿದ್ದ. ಆದರೂ ಸಾಹೇಬರು, "ಹೇಳವ್ವಾ," ಎಂದರು.